ಬಾವರ್ಚಿ ಹುಲೆಪ್ಪನ ಹೆಂಡತಿ

ಹುಲೆಪ್ಪ ನಾಪತ್ತೆಯಾಗಿದ್ದಾನೆ ಎಂಬ ತಂತಿ ಬನಹಟ್ಟಿಗೆ ಬಂದಾಗ ಅವನ ಹೆಂಡತಿ ಲಗಮವ್ವ ರಾಟಿಯ ಮುಂದೆ ಕೂತು ನೇಕಾರರು ಕೊಟ್ಟ ನೂಲನ್ನು ಕಂಡಕಿಗೆ ಸುತ್ತುತ್ತಿದ್ದಳು. ಎಪ್ಪತ್ತೊಂದರ ಯುದ್ಧ ಗೆದ್ದ ಖುಷಿಗೆ ಊರಲ್ಲಿ ಪೇಢೆ ಹಂಚಿ ಇನ್ನೂ ಬಹಳ ದಿನ ಆಗಿರಲಿಲ್ಲ. ಹುಲೆಪ್ಪ ಸೈನ್ಯದಲ್ಲಿ ವೈರ್‌ಲೆಸ್ ನಡೆಸುವವನು. ಗುಟ್ಟಿನ ಭಾಷೆಯಲ್ಲಿ ಸುದ್ದಿ ಕಳಿಸುವುದು, ಬಂದದ್ದನ್ನು ಬಿಡಿಸುವುದು ಅವನ ಕೆಲಸ. ಯಾವ ಗಡಿಯಲ್ಲಿದ್ದೇನೆಂದು ಹೆಂಡತಿಗೂ ಬರೆದವನಲ್ಲ. ಹಾಗಾಗಿ ಅವನು ಎಲ್ಲಿ ಕಳೆದುಹೋದನೆಂದು ಊಹಿಸಲಿಕ್ಕೂ ಅವಳಿಗೆ ದಾರಿಯಿರಲಿಲ್ಲ. ಅತ್ತೆ ಮುದಕವ್ವ ಹೊಸ್ತಿಲ ಮೇಲೆ ಕೂತು, ಹೋಗಿಬರುವವರನ್ನೆಲ್ಲ ನಿಲ್ಲಿಸಿ ಮಗನ ಸುದ್ದಿ ಕೇಳತೊಡಗಿದಳು.

ಸೆರೆಸಿಕ್ಕವರ ಹೆಸರುಗಳನ್ನು ವೈರಿಗಳ ರೇಡಿಯೊದಲ್ಲಿ ಸಂಜೆ ಓದುತ್ತಾರೆ ಎಂದು ಯಾರೋ ಹೇಳಿದರು. ಸೈಕಲ್ ಅಂಗಡಿಯ ಪರಮಾನಂದನ ಹತ್ತಿರ ದೊಡ್ಡ ರೇಡಿಯೊ ಇತ್ತು. ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಊರಿನ ಸುದ್ದಿ ಬರೆದು ಕಳಿಸುವವನೂ ಅವನೇ. ವೈರಿ ರೇಡಿಯೊ ಕೇಳಬಾರದು, ಅವರು ಹೇಳುವುದೆಲ್ಲ ಸುಳ್ಳು ಎಂದು ಜನ ಗೊಣಗಿದರೂ ಲಗಮವ್ವ ಅಂಗಡಿಯ ಮೂಲೆಯಲ್ಲಿ ಹೋಗಿ ಕೂರುತ್ತಿದ್ದಳು. ಅವಳಿಗೆ ಹಿಂದಿ ತಿಳಿಯದು. ಗೊರಗೊರ ಸದ್ದಿನ ನಡುವೆ ಒಂದು ಹೆಸರಿಗಾಗಿ ಕಾಯುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಆ ಹೆಸರು ಬಂತು. ಪರಮಾನಂದ ಕೇಳಿದ್ದನ್ನು ತಿರುಗಿ ಹೇಳಿದ: "ಹುಲೆಪ್ಪ, ಬಾವರ್ಚಿ, ತಂದಿ ಮಹಾಲಿಂಗಪ್ಪ, ಜಿಲ್ಲಾ ಬಿಜಾಪುರ."

"ನಿಮ್ಮ ಮಾವನ ಹೆಸರು ಅಂದಾನೆಪ್ಪ ಅಲ್ಲೇನು? ಇಂವ ಯಾರೋ ಅಡಗಿ ಮಾಡಾಂವ, ಬ್ಯಾರೆ ಹುಲೆಪ್ಪ," ಎಂದು ಕೂತವರು ಎದ್ದು ಹೋದರು.

ಲಗಮವ್ವ ಮಾತ್ರ ಎದ್ದು ರೇಡಿಯೊದ ಹತ್ತಿರ ಬಂದಳು. ಮಹಾಲಿಂಗಪ್ಪ ಎಂಬುದು ಅನಗವಾಡಿಯಲ್ಲಿದ್ದ ಅವಳ ಸ್ವಂತ ತಂದೆಯ ಹೆಸರು.

"ಅಣ್ಣಾ, ಅವರ ಅದಾರ," ಎಂದು ಅವಳು ಪರಮಾನಂದನಿಗೆ ಗಂಟುಬಿದ್ದಳು. "ಓದಾವ್ರು ತಪ್ಪ ಓದ್ಯಾರ. ಅವರು ಅಡಗಿಯವರಲ್ಲ, ವೈರ್‌ಲೆಸ್ ನಡಸಾವ್ರು, ಗುಟ್ಟಿನ ಸುದ್ದಿ ಎಲ್ಲಾ ಅವರ ಕೈಯಾಗಿಂದನ ಹೋಗೂದು ಅಂತ ಪೇಪರಿಗೆ ಬರಿ. ಸರಕಾರದವರು ಓದಿ ಹುಡುಕಲಿ."

ಪರಮಾನಂದ ಹುರುಪಿನಿಂದ ಬರೆದು ಮುಂಜಾನೆಯ ಬಸ್ಸಿಗೆ ಕೊಟ್ಟುಬಿಟ್ಟ. ಅದೇ ಮುಂಜಾನೆ ಲಗಮವ್ವ ಜಮಖಂಡಿಗೆ ಹೋಗಿ, ಗಂಡನನ್ನು ಸೈನ್ಯಕ್ಕೆ ಸೇರಿಸಿದ್ದ ನಿವೃತ್ತ ಸುಬೇದಾರ ಬಾಳಾಸಾಹೇಬರಿಗೆ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅವರ ಮುಖ ಕಪ್ಪಿಟ್ಟಿತು.

"ತಂಗಿ, ನಿನ್ನ ಗಂಡ ಬಾವರ್ಚಿ ಅಂತ ಯಾಕ ಸುಳ್ಳ ಹೇಳ್ಯಾನ ಅನ್ನೂದು ತಿಳೀಲಿಲ್ಲೇನು? ವೈರ್‌ಲೆಸ್‌ನಾಂವ ಅಂತ ಗೊತ್ತಾದ್ರ ಗುಟ್ಟಿನ ಭಾಷಾ ಬಾಯಿ ಬಿಡಸಾಕ ಚರ್ಮಾ ಸುಲೀತಾರ. ಅಡಗಿಯವನ್ನ ಯಾರೂ ಕೇಳೂದಿಲ್ಲ. ನಮ್ಮ ಪೇಪರ ವೈರಿಗಳೂ ಓದತಾರ."

"ಈಗ ನಾ ಏನ್ ಮಾಡ್ಲಿರಿ?"

"ಹುಬ್ಬಳ್ಳಿಗೆ ಹೋಗು. ಅಚ್ಚಾಗೂದರಾಗ ತಡಿ. ಆದ್ರ ಯಾಕ ಅಂತ ಅಲ್ಲಿ ಹೇಳಬ್ಯಾಡ. ಮನ್ಯಾಗೂ ಬ್ಯಾಡ. ಒಬ್ಬರ ಕಿವಿಗೆ ಬಿದ್ರ ಊರಿಗೆ ಡಂಗುರಾ ಹೊಡದಂಗ."

ಮುಧೋಳ ದಾಟಿ ಲೋಕಾಪುರದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಹತ್ತಿ ಹೇರಿಕೊಂಡು ಹೊರಟಿದ್ದ ಲಾರಿಗೆ ಕೈಮುಗಿದು ಹತ್ತಿ, ಕತ್ತಲಾಗುವ ಹೊತ್ತಿಗೆ ಅವಳು ಪತ್ರಿಕೆಯ ಕಚೇರಿ ಮುಟ್ಟಿದಳು. ಸುದ್ದಿಯ ಅಚ್ಚುಮೊಳೆ ಆಗಲೇ ಜೋಡಿಸಿಯಾಗಿತ್ತು. ಅವಳು ಸಂಪಾದಕರ ಕಾಲು ಹಿಡಿದಳು. ತೆಗೆಯಲು ಕಾರಣ ಬೇಕು ಎಂದರು ಅವರು. ಖರೆ ಕಾರಣವನ್ನು ಹೇಳುವಂತಿರಲಿಲ್ಲ.

"ಅದು ಸುಳ್ಳರಿ," ಎಂದಳು. "ಆ ಬಾವರ್ಚಿ ನನ್ನ ಗಂಡ ಅಲ್ಲ. ಪೇಪರಿನ್ಯಾಗ ಹೆಸರು ಬರಲಿ ಅಂತ ನಾನ ಕಟ್ಟಿ ಹೇಳಿದ್ನಿ."

"ಸೈನಿಕರ ಹೆಸರ ಮ್ಯಾಲ ಸುಳ್ಳ ಹೇಳಾಕ ನಾಚಿಕಿ ಆಗೂದಿಲ್ಲೇನು?" ಎಂದು ಅವರು ಎಲ್ಲರೆದುರು ಬೈದು, ಸುದ್ದಿ ತೆಗೆಸಿದರು. ಪರಮಾನಂದನಿಗೂ ಛೀಮಾರಿ ಮುಟ್ಟಿತು. ಅವನ ಬಾಯಿಂದ ಅದು ಓಣಿಓಣಿಗೆ ಹಬ್ಬಿತು. ನೂಲು ಕೊಡುತ್ತಿದ್ದವರು ಮುಖ ತಿರುವಿದರು. "ನನ್ನ ಮಗನ ಹೆಸರಿಲೆ ಆಟಾ ಆಡಿದೇನು ಬೇ?" ಎಂದ ಮುದಕವ್ವ ಸೊಸೆಯೊಡನೆ ಮಾತು ಬಿಟ್ಟಳು.

ಸೈನ್ಯದ ಕಚೇರಿಗಳಿಂದ ಬಂದ ಉತ್ತರವೆಲ್ಲ ಒಂದೇ, ನಾಪತ್ತೆ. ಹುಲೆಪ್ಪ ಕೊಟ್ಟ ಸುಳ್ಳು ವಿವರ ಯಾವ ಕಡತಕ್ಕೂ ಹೊಂದುತ್ತಿರಲಿಲ್ಲ. ಯುಗಾದಿ ಕಳೆದ ಮೇಲೆ ಬೀಗರು, ನೆಂಟರು ಸೇರಿ ಅವನು ಇಲ್ಲವೆಂದು ತೀರ್ಮಾನಿಸಿದರು. ಹೆಂಗಸರು ಲಗಮವ್ವನನ್ನು ನಡುಮನೆಯಲ್ಲಿ ಕೂರಿಸಿ ಕೈ ಹಿಡಿದರು. ಬದುಕಿರುವ ಗಂಡನ ಹೆಸರಿನಲ್ಲಿ ಬಳೆ ಒಡೆಸಿಕೊಂಡರೆ ಅವನಿಗೇ ಕೇಡಾದೀತೆಂದು ಅವಳ ಜೀವ ಒದ್ದಾಡಿತು. ಒಂದು ಮಾತು ಆಡಿದ್ದರೆ ಸಾಕಿತ್ತು. ಎದುರಿಗೆ ಮುದಕವ್ವ ಕೂತಿದ್ದಳು. ಆ ಬಾಯಲ್ಲಿ ಯಾವ ಮಾತೂ ಒಂದು ಹೊತ್ತು ನಿಲ್ಲದು. ಲಗಮವ್ವ ಹಲ್ಲು ಕಚ್ಚಿ ಎರಡೂ ಕೈ ಮುಂದೆ ಚಾಚಿದಳು.

ಅಂದಿನಿಂದ ಮುದಕವ್ವ ಅನ್ನ ಬಿಟ್ಟಳು. ಮಳೆ ಹಿಡಿಯುವ ಹೊತ್ತಿಗೆ ಹಾಸಿಗೆ ಹಿಡಿದಳು. ಗಂಟಲಲ್ಲಿ ನೀರೂ ಇಳಿಯದಾದ ದಿನ ಲಗಮವ್ವನಿಗೆ ತಡೆಯಲಾಗಲಿಲ್ಲ. ಬಾಗಿಲು ಮುಂದೆ ಮಾಡಿ, ಅತ್ತೆಯ ಕಿವಿಗೆ ಬಾಯಿಟ್ಟಳು.

"ಅತ್ತಿ, ನಿಮ್ಮ ಮಗಾ ಜೀವಂತ ಅದಾರ್ರಿ. ಆ ಬಾವರ್ಚಿ ಅವರ. ನನಗ ಗುರುತ ಸಿಗಲಿ ಅಂತ ನಮ್ಮಪ್ಪನ ಹೆಸರ ಹೇಳ್ಯಾರ."

ಮುದುಕಿ ಕಣ್ಣು ತೆರೆದಳು. ಎಷ್ಟೋ ದಿನಗಳ ಮೇಲೆ ಸೊಸೆಯ ಕೈ ಹಿಡಿದಳು. "ನನ್ನ ಸಮಾಧಾನಕ್ಕ ಹೇಳಾಕತ್ತಿ. ಇರಲಿ," ಎಂದಳು. ಮರುದಿನ ತೀರಿಕೊಂಡಳು.

ಆ ವರ್ಷದ ಚಳಿಗಾಲದಲ್ಲಿ ಸೆರೆಯಾಳುಗಳ ಬಿಡುಗಡೆಯಾಯಿತು. ಹುಲೆಪ್ಪ ಬಂದ. ಕುಡಚಿ ಸ್ಟೇಷನ್ನಿನಲ್ಲಿ ಬಾಳಾಸಾಹೇಬರ ಹಿಂದೆ ನಿಂತಿದ್ದ ಬೋಳುಗೈಯ ಹೆಂಡತಿಯನ್ನು ಅವನು ಕೂಡಲೇ ಗುರುತಿಸಲಿಲ್ಲ. ಜೊತೆಗೆ ಸಿಕ್ಕಿಬಿದ್ದ ಇನ್ನೊಬ್ಬ ವೈರ್‌ಲೆಸ್‌ನವನು ಪೆಟ್ಟು ತಿಂದೇ ಸತ್ತನೆಂದೂ, ತಾನು ವರ್ಷವಿಡೀ ರೊಟ್ಟಿ ತಟ್ಟಿಕೊಂಡಿದ್ದೆನೆಂದೂ ಸುಬೇದಾರರಿಗೆ ಹೇಳಿದ. ಆಮೇಲೆ ಸುತ್ತ ನೋಡಿದ.

"ಅವ್ವ ಬಂದಿಲ್ಲೇನು?"

ಬನಹಟ್ಟಿ ಮುಟ್ಟುವವರೆಗೆ ಬಸ್ಸಿನಲ್ಲಿ ಲಗಮವ್ವ ಒಂದೊಂದಾಗಿ ಎಲ್ಲ ಹೇಳಿದಳು. ಹುಲೆಪ್ಪ ಕಿಟಕಿಯ ಕಡೆ ಮುಖ ಮಾಡಿ ಕೇಳಿದ.

"ನೀ ಬಾಯಿ ಬಿಟ್ಟಿದ್ರ ನಾ ಉಳೀತಿದ್ದಿಲ್ಲ," ಎಂದ ಕೊನೆಗೆ. "ಆದ್ರ ಅವ್ವಗರೆ ಮೊದಲ ಹೇಳಬೇಕಿತ್ತು."

ಮುಂದೆ ಎರಡು ಮಕ್ಕಳಾದವು, ಸ್ವಂತ ಮಗ್ಗವಾಯಿತು, ಊರು ಹಳೆಯದನ್ನೆಲ್ಲ ಮರೆಯಿತು. ಬಸ್ಸಿನಲ್ಲಿ ಆಡಿದ ಆ ಕೊನೆಯ ಮಾತನ್ನು ಅವರಿಬ್ಬರೂ ಮತ್ತೆ ಎತ್ತಲಿಲ್ಲ.