ಒಂದೇ ತಿಂಗಳ ಪೇಪರು

ಅಥವಾ ಅದು ಯುದ್ಧದ ಹಡಗಿನ ಚಿತ್ರವೇ ಆಗಿರಲಿಲ್ಲವೇನೋ. ಆ ಕಾಲದ ಟೀ ಪುಡಿಯ ಜಾಹೀರಾತುಗಳಲ್ಲೂ ಹಡಗು ಇರುತ್ತಿತ್ತು ಎಂದು ಈಚೆಗೆ ಯಾರೋ ಹೇಳಿದರು. ನಾನು ಕತ್ತರಿಸಿದ್ದು ಸುದ್ದಿಯ ಚಿತ್ರವನ್ನೋ ಜಾಹೀರಾತನ್ನೋ ಈಗ ಹೇಳಲಾರೆ. ಕತ್ತರಿಸಿದ್ದು ನಿಜ. ಅದು ಅಜ್ಜಿಯ ಪೇಪರು ಎಂಬುದೂ ನಿಜ.

ಆ ದಿನಗಳಲ್ಲಿ ನಾವು ಗುಬ್ಬಿಯಲ್ಲಿದ್ದೆವು. ತೊಂಬತ್ತರ ದಶಕದ ನಡುವಿನ ಯಾವುದೋ ಒಂದು ವರ್ಷ, ನನಗೆ ಏಳನೇ ಕ್ಲಾಸು. ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಹುಣಸೆಹಣ್ಣಿಗೆ ಉಪ್ಪು, ಬೆಲ್ಲ, ಮೆಣಸಿನಪುಡಿ ಸೇರಿಸಿ ಕುಟ್ಟಿ, ಕಡ್ಡಿಗೆ ಚುಚ್ಚಿ ಚೀಪುತ್ತಿದ್ದೆವು. ಇವೆಲ್ಲ ಇದ್ದವೆಂದು ಗೊತ್ತು. ಆದರೆ ಆ ತಿಂಗಳನ್ನು ನೆನೆದರೆ ಬಾಯಿಗೆ ಯಾವ ರುಚಿಯೂ ಬರುವುದಿಲ್ಲ. ಮೂಗಿಗೆ ಮಾತ್ರ ಒಂದು ವಾಸನೆ ಬರುತ್ತದೆ. ಹೊಗೆ ಹಿಡಿದ ಕಾಗದದ್ದು, ಇಲಿಯದ್ದು.

ಅಜ್ಜಿಯ ತವರು ಕುಣಿಗಲ್ ಕಡೆಯ ಅಮೃತೂರು. ಅಲ್ಲಿ ಅವಳ ತಮ್ಮ ತೀರಿಕೊಂಡ ಮೇಲೆ ಅವರ ಮಗ ಶಿವಣ್ಣ ಮಾವ ಹಳೆಯ ಅಟ್ಟ ಬಿಚ್ಚಿಸಿದರು. ಅದರಲ್ಲಿ ಸಿಕ್ಕ ಒಂದು ಪೇಪರಿನ ಕಟ್ಟನ್ನು ಬಸ್ಸಿನಲ್ಲಿ ತಂದು ನಮ್ಮ ಜಗಲಿಯ ಮೇಲೆ ಇಟ್ಟರು.

"ತಗಳಿ ಅತ್ತೆ, ನಿಮ್ಮಪ್ಪನ ಆಸ್ತೀಲಿ ನಿಮ್ ಪಾಲು."

ಅಜ್ಜಿ ನಗಲಿಲ್ಲ. ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, "ಇದು ಇನ್ನೂ ಇತ್ತಾ?" ಎಂದಳು.

ವಿಷಯ ಇಷ್ಟು. ಅಜ್ಜಿಯ ಅಣ್ಣ ನಂಜಣ್ಣ ಮಹಾಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಲು ಮಲಯಕ್ಕೆ ಹೋದವನು. ಅಲ್ಲಿ ಜಪಾನಿನವರಿಗೆ ಸೆರೆ ಸಿಕ್ಕ ಎಂಬಲ್ಲಿಗೆ ಅವನ ಸುದ್ದಿ ನಿಂತಿತ್ತು. ಯುದ್ಧ ಮುಗಿದು, ಸೆರೆಯಲ್ಲಿದ್ದವರು ಹಡಗು ಹತ್ತಿ ವಾಪಸು ಬರುತ್ತಿದ್ದಾರೆ ಎಂದು ಕೇಳಿ ಅವರಪ್ಪ ಮನೆಗೆ ಪೇಪರು ಹಾಕಿಸಿದರು. ೧೯೪೬ರ ಫೆಬ್ರವರಿ, ಅದೊಂದೇ ತಿಂಗಳು. ದಿನಾ ಸಂಜೆ ಜಗಲಿಯ ಮೇಲೆ ಕೂತು ಮನೆಯವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದುತ್ತಿದ್ದರಂತೆ. ತಿಂಗಳ ಕೊನೆಯ ಒಂದು ದಿನ ಮನಸ್ಸಿನಲ್ಲೇ ಓದಿ, ಮಡಚಿ, ಎದ್ದು ಹೋದರಂತೆ. ಆಮೇಲೆ ಆ ಮನೆಗೆ ಪೇಪರು ಬರಲಿಲ್ಲ. "ಅವನ ಮಾತು ಎತ್ತಬೇಡಿ" ಎಂದದ್ದು ಬಿಟ್ಟರೆ ಸಾಯುವತನಕ ಅವರು ಏನನ್ನೂ ಹೇಳಲಿಲ್ಲ. ಅಜ್ಜಿಗೆ ಆಗ ಹದಿಮೂರೋ ಹದಿನಾಲ್ಕೋ. ಓದು ಬರುತ್ತಿರಲಿಲ್ಲ, ಕೊನೆಗೂ ಬರಲಿಲ್ಲ.

ಹೀಗಾಗಿ ಅಜ್ಜಿಗೆ ಪ್ರಪಂಚ ಗೊತ್ತಿದ್ದದ್ದು ಒಂದು ತಿಂಗಳಿನಷ್ಟು. ಅಷ್ಟು ಮಾತ್ರ ಬಾಯಿಪಾಠ. ಟಿ.ವಿ.ಯಲ್ಲಿ ಎಲ್ಲಿಯದೋ ಯುದ್ಧ ತೋರಿಸಿದರೆ ಅವಳಿಗೆ ಸಿಟ್ಟು.

"ಲಂಡನ್ನಾಗೆ ಎಲ್ಲಾ ದೇಶದೋರೂ ಸೇರ್ಕಂಡು ಇನ್ಮೇಲೆ ಹೊಡ್ದಾಡಲ್ಲ ಅಂತ ಮಾತಾಡ್ಕಂಡ್ರಲ್ಲ, ಮತ್ಯಾಕೆ ಇವ್ರು ಹೊಡ್ದಾಡ್ತಾವ್ರೆ?"

"ಇವ್ರ ಮನೇಗೆ ಪೇಪರ್ ಬಂದಿಲ್ಲ ಅಂತ ಕಾಣುತ್ತೆ ಕಣವ್ವ," ಎನ್ನುತ್ತಿದ್ದರು ಅಪ್ಪ.

ನಾನು ಅನ್ನ ತಟ್ಟೆಯಲ್ಲಿ ಬಿಟ್ಟರೆ ರೇಷನ್ ಅಕ್ಕಿ ಕಡಿಮೆ ಮಾಡಿದ ಕಥೆ. ಬೇಳೆ ಸರಿಯಾಗಿ ಬೆಂದಿಲ್ಲ ಎಂದರೆ ಬೊಂಬಾಯಿಯ ಕಥೆ. "ಹಡಗಿನ ಹುಡುಗ್ರೂ ಹಿಂಗೇ ಬೇಳೆ ಚೆಂದಾಗಿಲ್ಲ ಅಂತ ಊಟ ಬುಟ್ರು. ಆಮೇಲೆ ಗುಂಡು ಹಾರ್ತು." ನಾವಿಕರ ದಂಗೆಯ ಬಗ್ಗೆ ನಾನು ಪಾಠದಲ್ಲಿ ಓದಿದ್ದು ಎಷ್ಟೋ ವರ್ಷ ಆದಮೇಲೆ. ಅಜ್ಜಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವಳಪ್ಪ ಗಟ್ಟಿಯಾಗಿ ಓದಿದ ಕೊನೆಯ ಸುದ್ದಿ ಅದು.

ಕಟ್ಟು ಬಂದದ್ದು ಗಣೇಶನ ಹಬ್ಬ ಕಳೆದು ಸ್ವಲ್ಪ ದಿನಕ್ಕೆ. ಮುಂದೆ ಇದ್ದದ್ದು ಪಿತೃಪಕ್ಷ. ತೀರಿಕೊಂಡ ಹಿರಿಯರ ಹೆಸರಲ್ಲಿ ಒಂದೊಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ ಎಡೆ ಇಡುತ್ತಿದ್ದೆವು. ನಂಜಣ್ಣನಿಗೆ ಅಮೃತೂರಿನಲ್ಲಿ ಯಾರೂ ಎಲೆ ಹಾಕಿದ್ದಿಲ್ಲ. ಸತ್ತಿದ್ದರೆ ಐವತ್ತು ವರ್ಷದ ಹಸಿವು. ಬದುಕಿದ್ದವನಿಗೆ ಎಲೆ ಹಾಕಿದರೆ ಅದಕ್ಕಿಂತ ಕೆಟ್ಟದ್ದಿಲ್ಲ.

"ನಿಮ್ ತವರಿನೋರಿಗೆ ಈ ಮನೇಲಿ ಎಡೆ ಇಡೋ ಪದ್ಧತಿ ಇಲ್ವಲ್ಲ ಅತ್ತೆ," ಎಂದಳು ಅಮ್ಮ.

"ಮೂಲೇಲಿ ಒಂದ್ ಎಲೆ ಕಣವ್ವ. ನಿಮ್ಮೋರ ಪಂಕ್ತೀಲಿ ಕೂರ್ಸು ಅಂದ್ನಾ ನಾನು?"

"ಇದ್ದಾರೋ ಹೋಗಿದ್ದಾರೋ ಮೊದ್ಲು ಗೊತ್ತಾಗ್ಲಿ."

"ಅದ್ನೇ ನೋಡ್ತೀನಿ ಅನ್ನೋದು," ಎಂದು ಅಜ್ಜಿ ಕಟ್ಟಿನ ಮೇಲೆ ಕೈ ಇಟ್ಟಳು.

ಅಪ್ಪ ನಾಲ್ಕು ಹಾಳೆ ತಿರುವಿ, ಏನೂ ಇಲ್ಲ ಬುಡವ್ವ ಎಂದು ಅಂಗಡಿಗೆ ಹೋದರು. ಓದುವ ಕೆಲಸ ನನಗೆ ಬಿತ್ತು. ಕೊನೆಯ ಪೇಪರುಗಳನ್ನೇ ಮೊದಲು ನೋಡಿಬಿಡೋಣ ಎಂದರೆ ಅಜ್ಜಿ ಒಪ್ಪಲಿಲ್ಲ. "ನಮ್ಮಪ್ಪ ಓದ್ದಂಗೇ ಓದು. ಮೊದಲ್ನೇದ್ರಿಂದ." ಅವಳಿಗೆ ಹೆದರಿಕೆ ಇತ್ತು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಅದು ಬರೀ ಬೇಜಾರು. ಸ್ಕೂಲಿಂದ ಬಂದು ಕೈಕಾಲು ತೊಳೆದರೆ ದಿನಕ್ಕೊಂದು ಪೇಪರು. ಹೊರಗೆ ಕುಂಟೆಬಿಲ್ಲೆಯ ಸದ್ದು, ಒಳಗೆ ನಾನು.

ಅದೇ ವಾರ ಸಮಾಜ ಟೀಚರು 'ಪ್ರಪಂಚದ ಘಟನೆಗಳು' ಎಂಬ ಆಲ್ಬಂ ಮಾಡಿ ತರಲು ಹೇಳಿದರು. ನನ್ನ ಗೆಳತಿ ನಸೀಮಾಳ ಅಪ್ಪ ಬುಕ್ ಬೈಂಡರ್. ಮೈದಾ ಕುದಿಸಿ, ಹುಳ ಬೀಳದಂತೆ ಮೈಲುತುತ್ತ ಹಾಕಿ ಅಂಟು ಮಾಡುತ್ತಿದ್ದರು. ಅದನ್ನು ಅವಳು ಎಲೆಯಲ್ಲಿ ಕಟ್ಟಿಕೊಂಡು ತಂದಳು. ನೀಲಿ ಛಾಯೆಯ ಅಂಟು.

"ಎಲ್ರೂ ಕ್ಯಾಲೆಂಡರ್ ಚಿತ್ರನೇ ಅಂಟಿಸ್ತಾರೆ ಕಣೇ. ನಿಮ್ಮಜ್ಜೀದು ಒರಿಜಿನಲ್ ಐತಲ್ಲ," ಎಂದಳು.

"ಅಜ್ಜಿ ಬೈತಾರೆ."

"ನಿಮ್ಮಜ್ಜಿಗೆ ಓದಕ್ ಬರುತ್ತಾ? ಒಂದ್ ಚಿತ್ರ ಹೋದ್ರೆ ಅವ್ರಿಗೇನ್ ಗೊತ್ತಾಗುತ್ತೆ."

ಇದನ್ನು ಅವಳು ಹೇಳಿದಳು ಎಂದು ಬರೆಯುತ್ತಿದ್ದೇನೆ. ನಾನೇ ಹೇಳಿದ್ದಿರಬಹುದು. ಕಟ್ಟಿನ ಅಡಿಯ ಕಡೆಯಿಂದ ಒಂದು ಪೇಪರು ಎಳೆದೆ. ಅದರಲ್ಲಿ ಹಡಗು. ಅಮ್ಮನ ಬ್ಲೌಸ್ ಹೊಲಿಯುವ ಕತ್ತರಿಯಿಂದ ಕತ್ತರಿಸಿದೆ. ನಸೀಮಾ ಹಿಂಭಾಗಕ್ಕೆ ಪೂರ್ತಿ ಅಂಟು ಸವರಿ ಒತ್ತಿದಳು. "ನಮ್ಮಪ್ಪನ ಅಂಟು. ಜನ್ಮದಲ್ಲಿ ಬಿಡಲ್ಲ." ಹಿಂಭಾಗ ಏನಿದೆ ಎಂದು ಇಬ್ಬರೂ ನೋಡಲಿಲ್ಲ.

ಬೊಂಬಾಯಿಯಲ್ಲಿ ಗುಂಡು ಹಾರಿದ ಸುದ್ದಿಗೆ ನಾವು ಬಂದದ್ದು ಅಮಾವಾಸ್ಯೆಗೆ ಎರಡು ದಿನ ಇರುವಾಗ. ಅಜ್ಜಿ ಕಣ್ಣು ಮುಚ್ಚಿ ತುಟಿಯಲ್ಲೇ ಜೊತೆಗೆ ಹೇಳಿಕೊಂಡಳು. ಮರುದಿನ ಸೆರಗು ಹೊದ್ದು, ನನ್ನ ಎದುರಿಗೆ ಬಂದು ಕೂತಳು.

"ಇಲ್ಲಿಂದ ಮುಂದುಕ್ಕೆ ನಂಗೊತ್ತಿಲ್ಲ. ನಿಧಾನಕ್ಕೆ ಓದು."

ಪೇಪರು ಬಿಚ್ಚಿದೆ. ಹಡಗು ಇದ್ದ ಜಾಗದಲ್ಲಿ ತೂತು. ಪುಟ ತಿರುವಿದೆ. ತೂತಿನ ಪಕ್ಕಕ್ಕೆ, ಅಂಚಿನ ಖಾಲಿ ಜಾಗದಲ್ಲಿ, ಯಾರೋ ಗುರುತಿಗೆಂದು ಪೆನ್ಸಿಲ್ಲಿನಿಂದ ಎಳೆದ ಒಂದು ಗೆರೆ. ಮೇಲೆ 'ಮೈಸೂರು ಸಂಸ್ಥಾನದ' ಎಂಬ ಎರಡು ಪದ ಉಳಿದಿದ್ದವು. ಕೆಳಗಿನದು ಹೋಗಿತ್ತು. ಆ ಗೆರೆಯನ್ನು ನಾನು ಅಂದೇ ಕಂಡೆನೋ, ವರ್ಷಗಳಾದ ಮೇಲೆ ಸೇರಿಸಿಕೊಂಡೆನೋ, ಆಣೆ ಇಟ್ಟು ಹೇಳಲಾರೆ.

"ಏನ್ ಐತೆ ಮಗ?"

"ಮಲಯದಿಂದ ಬಂದ ಹಡಗು ಬೊಂಬಾಯಿ ಸೇರಿತು," ಎಂದು ಓದಿದೆ. ಓದುವ ದನಿಯಲ್ಲೇ. "ಅದರಲ್ಲಿದ್ದ ಮೈಸೂರು ಸಂಸ್ಥಾನದ ಸೈನಿಕರೆಲ್ಲರೂ ಕ್ಷೇಮವಾಗಿ ಇಳಿದರು."

ಒಳ್ಳೆಯ ಸುದ್ದಿಯೇ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ.

"ಇಳಿದ್ರಾ?"

"ಹೂಂ."

"ಎಲ್ರೂವೆ?"

"ಎಲ್ಲರೂ ಅಂತ ಇದೆ ಅಜ್ಜಿ."

ಅಮ್ಮ ಒಳಗೆ ಒಗ್ಗರಣೆ ಹಾಕಿದಳು, ಸಾಸಿವೆ ಸಿಡಿದದ್ದು ಕೇಳಿಸಿತು. ಅಜ್ಜಿ, "ಬೊಂಬಾಯಿಂದ ಅಮೃತೂರಿಗೆ ಎಷ್ಟ್ ದೂರ ಆಗುತ್ತೆ?" ಎಂದಳು. ನನಗೆ ಗೊತ್ತಿಲ್ಲ ಎಂದೆ.

"ರೈಲೈತಲ್ಲ," ಎಂದಳು. "ಬುಡು. ಎತ್ತಿಡು."

ನಾನು ಕಟ್ಟಿ ಓದಿದ ಆ ಪೇಪರಿನ ಪ್ರಕಾರ ನಂಜಣ್ಣ ಸತ್ತಿರಲಿಲ್ಲ. ನೆಲಕ್ಕೆ ಇಳಿದು, ಮನೆಗೆ ಬಾರದೆ ಹೋಗಿದ್ದ. ಅವಳಪ್ಪ ಯಾಕೆ ಬಾಯಿ ಬಿಡಲಿಲ್ಲ ಎಂಬುದಕ್ಕೂ ಅದು ಸರಿಹೋಯಿತು. ಇದು ನನಗೆ ಆ ರಾತ್ರಿ ಹೊಳೆಯಲಿಲ್ಲ. ಅಮಾವಾಸ್ಯೆಯ ದಿನ ಹೊಳೆಯಿತು. ಎಲೆಗಳನ್ನು ಸಾಲಾಗಿ ಹಾಕಿದ್ದರು. ಮೂಲೆ ಖಾಲಿ ಇತ್ತು.

"ಮೂಲೇಗೆ ಹಾಕ್ಲಾ ಅತ್ತೆ?" ಎಂದು ಅಮ್ಮನೇ ಕೇಳಿದಳು.

"ಬ್ಯಾಡ. ಇರೋರಿಗೆ ಯಾಕೆ."

ಧೂಪ ಹಾಕಿ ಕದ ಎಳೆದುಕೊಂಡು ಹೊರಗೆ ಕೂತೆವು. ಆಮೇಲೆ ಒಳಗೆ ಹೋಗಿ ಊಟ ಮಾಡಿದೆವು. ಕಜ್ಜಾಯ, ವಡೆ, ಕುಂಬಳಕಾಯಿ ಪಲ್ಯ. ನಾನು ಎಲ್ಲವನ್ನೂ ತಿಂದೆ. ಎರಡನೇ ಸಲ ಹಾಕಿಸಿಕೊಂಡೆ. ಅಳು ಬಂದಿತ್ತು ಎಂದು ಬರೆಯಬಹುದಿತ್ತು, ಬರಲಿಲ್ಲ.

ಮಾರನೆಯ ದಿನ, ಅಂಟಿಸಿದ್ದನ್ನು ಬಿಡಿಸಬಹುದಾ ಎಂದು ನಸೀಮಾಳನ್ನು ಕೇಳಿದೆ. ಅವಳು ತನ್ನ ಅಪ್ಪನನ್ನು ಕೇಳಿ ಬಂದಳು. "ಆಗಲ್ವಂತೆ. ನೆನೆಸಿದ್ರೆ ಪೇಪರೇ ಹಿಟ್ಟಾಗುತ್ತಂತೆ. ಯಾಕೆ?"

"ಸುಮ್ನೆ."

ಆಲ್ಬಂ ಟೀಚರ ಮೇಜಿನಿಂದ ಬೀರುವಿಗೆ ಹೋಯಿತು. ಅದರಾಚೆಗೆ ನನಗೆ ಅದರ ಜಾಡಿಲ್ಲ.

ಅಜ್ಜಿ ಇನ್ನೂ ಒಂಬತ್ತು ವರ್ಷ ಇದ್ದಳು. ಲಂಡನ್ನಿನ ಮಾತು, ರೇಷನ್ನಿನ ಮಾತು, ಬೇಳೆಯ ಮಾತು ಯಾವುದನ್ನೂ ಮತ್ತೆ ಆಡಲಿಲ್ಲ. ಟಿ.ವಿ.ಯಲ್ಲಿ ಯುದ್ಧ ಬಂದರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು. ಹೇಳಿಬಿಡಬೇಕು ಎಂದು ಹೈಸ್ಕೂಲಿನಲ್ಲಿ ಒಮ್ಮೆ, ತುಮಕೂರಿನ ಕಾಲೇಜಿನಿಂದ ರಜೆಗೆ ಬಂದಾಗ ಒಮ್ಮೆ ಅವಳ ಪಕ್ಕದಲ್ಲಿ ಕೂತೆ. ಎರಡು ಸಲವೂ ಬೇರೆ ಏನೋ ಮಾತಾಡಿ ಎದ್ದೆ. ಕಟ್ಟು ಯಾವಾಗಲೋ ಹಳೇ ಪೇಪರಿನವನ ತಕ್ಕಡಿಗೆ ಹೋಗಿತ್ತು.

ಕಳೆದುಹೋದದ್ದು ಅಂಗೈ ಅಗಲದ ಒಂದು ಚೂರು. ಅದರ ಹಿಂದೆ ಸತ್ತವರ ಹೆಸರುಗಳಿದ್ದವೋ, ಬಂದವರ ಹೆಸರುಗಳಿದ್ದವೋ, ಅಥವಾ ಸಂಸ್ಥಾನದ ಅಕ್ಕಿಯ ದರವೋ ನನಗೆ ಗೊತ್ತಿಲ್ಲ. ಪೇಪರುಗಳು ಅಂಥ ಹೆಸರುಗಳನ್ನು ಅಚ್ಚು ಹಾಕುತ್ತಿದ್ದವೋ ಇಲ್ಲವೋ, ಅದೂ ಗೊತ್ತಿಲ್ಲ. ಇನ್ನೊಂದು ಇದೆ. ಆ ಸಂಜೆ ಅಜ್ಜಿ ಎದುರಿಗೇ ಕೂತಿದ್ದಳು, ಬೆಳಕು ನನ್ನ ಬೆನ್ನಿನ ಕಡೆಯಿಂದ ಬರುತ್ತಿತ್ತು. ಪೇಪರನ್ನು ಮಡಚಿ ಹಿಡಿದಿದ್ದೆ ಎಂದು ಒಮ್ಮೆ ಅನ್ನಿಸುತ್ತದೆ, ಅಗಲಿಸಿ ಹಿಡಿದಿದ್ದೆ ಎಂದು ಒಮ್ಮೆ. ಅಗಲಿಸಿ ಹಿಡಿದಿದ್ದರೆ ಅವಳಿಗೆ ತೂತು ಕಂಡಿರಬೇಕು. ಕಂಡಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಕೇಳಲಿಲ್ಲ.