ಳ ಇಲ್ಲದ ಕೋಟೆ

‘ಹೇಳು’ ಎನ್ನುವ ಪದದಿಂದ ಳ ತೆಗೆದು ಆ ಜಾಗದಲ್ಲಿ ಲ ಇಟ್ಟರೆ ಏನಾಗುತ್ತದೆ, ಗೊತ್ತೇನ್ರಿ? ಜೋರಾಗಿ ಬೇಡ, ಮನಸ್ಸಿನಲ್ಲೇ ಓದಿಕೊಳ್ಳಿ. ನಕ್ಕಿರಿ, ಹೌದಲ್ಲ? ನಾನೂ ನಕ್ಕಿದ್ದೆ. ಎಲ್ಲರಿಗಿಂತ ಮೊದಲು ನಕ್ಕವಳು ನಾನೇ.

ಔರಾದಿನ ಕನ್ನಡ ಶಾಲೆಯಲ್ಲಿ ನಾವಿನ್ನೂ ಸಣ್ಣವರು. ನಮ್ಮ ಪಕ್ಕದ ಮನೆಯ ಹುಡುಗಿ ನನಗಿಂತ ಒಂದು ವರ್ಷ ದೊಡ್ಡವಳು. ನಾನು ಅವಳನ್ನು ಆಪಾ ಎನ್ನುತ್ತಿದ್ದೆ, ಅವಳು ನನ್ನನ್ನು ಛೋಟಿ ಎನ್ನುತ್ತಿದ್ದಳು. ಅವರ ಮನೆಮಾತು ಉರ್ದು. ಅವಳ ನಾಲಿಗೆಗೆ ಳ ಹೊರಳುತ್ತಿರಲಿಲ್ಲ. ಒಂದು ದಿನ ಮಾಸ್ತರರು ಏನೋ ಪ್ರಶ್ನೆ ಕೇಳಿದರು. ಆಪಾ ಕೈ ಎತ್ತಿ ಎದ್ದು ನಿಂತು, "ನಾ ಹೇಲ್ತೇನ್ರಿ ಸರ್" ಅಂದಳು. ನನ್ನ ಬಾಯಿಂದ ಫಕ್ಕನೆ ನಗು ಹಾರಿತು. ಆಮೇಲೆ ಇಡೀ ವರ್ಗ ನಕ್ಕಿತು. ಮಾಸ್ತರರೂ ನಕ್ಕರು. ಕೆಲವೇ ದಿನಗಳಲ್ಲಿ ಆಪಾ ಶಾಲೆ ಬಿಟ್ಟಳು. ತಲೆನೋವು ಎಂದರು ಮನೆಯವರು. ನಾನು ನಂಬಿದೆ. ನಂಬಿದರೆ ನನಗೇ ಅನುಕೂಲವಿತ್ತು.

ಅವಳ ಅಬ್ಬಾ ಉರ್ದು ಮದುವೆಪತ್ರಗಳನ್ನು ಕೈಯಿಂದ ಬರೆಯುತ್ತಿದ್ದರು. ಜೊಂಡಿನ ಕಡ್ಡಿಯ ತುದಿಯನ್ನು ಓರೆಯಾಗಿ ಕೊಯ್ದು ಖಲಮು ಮಾಡಿಕೊಳ್ಳುತ್ತಿದ್ದರು. ಮೊದಲು ಖಲಮು ಒತ್ತಿ ಒಂದು ಚುಕ್ಕಿ. ಅಕ್ಷರ ಎಷ್ಟು ಎತ್ತರ, ಎಷ್ಟು ಅಗಲ ಎನ್ನುವುದೆಲ್ಲ ಆ ಚುಕ್ಕಿಯ ಲೆಕ್ಕದಲ್ಲೇ. ಆಪಾ ಅದನ್ನೆಲ್ಲ ಅವರ ಮಗ್ಗುಲಲ್ಲಿ ಕೂತು ಕಲಿತಳು. ನಾನು ಅಂಗಳದಲ್ಲಿ ರಂಗೋಲಿಗೆ ಚುಕ್ಕಿ ಇಡುತ್ತಿದ್ದರೆ, "ಏ ಛೋಟಿ, ನಿಂದೂ ಚುಕ್ಕಿ, ನಂದೂ ಚುಕ್ಕಿ" ಎಂದು ಬಂದು ಕೂರುತ್ತಿದ್ದಳು. ಬಿಟ್ಟ ಶಾಲೆಯ ಕನ್ನಡ ಅಕ್ಷರಗಳನ್ನು ಅವಳು ನನ್ನ ರಂಗೋಲಿ ಪುಡಿಯಲ್ಲಿ ಕಲಿತಳು. ಕಲಿಸಿದವಳ ಅಕ್ಷರ ಅಡ್ಡಾದಿಡ್ಡಿ. ಕಲಿತವಳ ಅಕ್ಷರ ಎದ್ದು ನಡೆದು ಬರುವ ಹಾಗಿತ್ತು.

ಮುಂದೆ ನನ್ನನ್ನು ಬೀದರಿಗೆ ಕೊಟ್ಟರು, ಅವಳನ್ನು ಭಾಲ್ಕಿಗೆ. ಬಸ್ಸು ಇತ್ತು. ಹೋಗಿ ಬಂದು ಮಾಡುತ್ತ ಇಬ್ಬರೂ ಮುದುಕಿಯರಾದೆವು.

ಹೋದ ವರ್ಷ ನನ್ನ ಮೊಮ್ಮಗಳು, ಕಾಲೇಜಿನಲ್ಲಿ ಕಂಪ್ಯೂಟರ್ ಓದುವವಳು, ಒಂದು ಆಟ ಕಟ್ಟಲು ಕೂತಳು. ಅದರಲ್ಲಿ ಚಿತ್ರವೇ ಇಲ್ಲ, ಎಲ್ಲವೂ ಅಕ್ಷರ. ಪರದೆಯ ಮೇಲೆ ಗ ಗ ಗ ಎಂದು ಸಾಲಾಗಿ ನಿಂತರೆ ಅದು ಕೋಟೆಯ ಗೋಡೆ. ನಡುವೆ ಬ ಬಂದರೆ ಬಾಗಿಲು. ಆಡುವವರು ಒಂದು ‘ಆ’ ಆಗಿ ಕೋಟೆಯೊಳಗೆ ಅಲೆಯಬೇಕು. ಆಟಗಾರನ ಆ ಅಂದಳು ಅವಳು; ನನಗೆ ಮಾತ್ರ ಮೊದಲಿನಿಂದಲೂ ಅದು ಆಪಾಳ ಆ. ಬಾಗಿಲಲ್ಲಿ ನಿಂತ ಕಾವಲುಗಾರ ಏನಾದರೂ ಅಂದರೆ ಆ ಮಾತು ಕೆಳಗೆ ಮೂಡುತ್ತದೆ. ಒಂದೊಂದು ಅಕ್ಷರಕ್ಕೂ ಒಂದೊಂದು ಚೌಕ. ಚೌಕದೊಳಗೆ ಅಡ್ಡ ಹದಿನಾರು, ಉದ್ದ ಹದಿನಾರು ಪುಟ್ಟ ಮನೆಗಳು. ಯಾವ ಮನೆ ಕಪ್ಪು, ಯಾವುದು ಖಾಲಿ ಎಂದು ಮೊದಲು ಹಾಳೆಯ ಮೇಲೆ ಕೂತು ತುಂಬಬೇಕು.

"ಇದು ನನ್ನ ರಂಗೋಲಿನೇ ಅಲ್ಲೇನವ್ವಾ" ಎಂದು ಪೆನ್ಸಿಲ್ ಕಸಿದುಕೊಂಡೆ.

ಅವಳು ನಾನು ತುಂಬಿದ ಗ ನೋಡಿ, "ಆಯಿ, ಇದು ಗೋಡಿ ಅಲ್ಲ. ಕುದುರಿ ಓಡಿಹೋಗಿ ಲಾಳ ಉಳದಂಗ ಕಾಣ್ತದ" ಅಂದಳು.

ಮರುದಿನವೇ ಚೌಕದ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಭಾಲ್ಕಿಯ ಬಸ್ಸು ಹತ್ತಿದೆ. ಆಮೇಲೆ ವಾರಕ್ಕೊಂದು ಸಲ ಅದೇ ಕೆಲಸ. ಆಪಾ ಖಲಮಿನಲ್ಲಿ ದೊಡ್ಡದಾಗಿ ಬರೆಯುವಳು, ನಾನು ಅದನ್ನು ಚೌಕಕ್ಕೆ ಇಳಿಸುವೆ. ಅವಳ ಗೆರೆ ನದಿಯಂತೆ ಬಾಗಿದರೆ ನನ್ನ ಚೌಕದಲ್ಲಿ ಮೆಟ್ಟಿಲಾಗುತ್ತಿತ್ತು. "ಈ ಮನಿ ಖಾಲಿ ಬಿಡು. ಅಕ್ಷರಕ್ಕ ಉಸುರು ಬ್ಯಾಡೇನು?" ಎಂದು ನನ್ನ ಕೈಗೆ ಹೊಡೆಯುತ್ತಿದ್ದಳು. ಒತ್ತಕ್ಷರ ಬಂದಾಗ ಅದು ಚೌಕದ ಕೆಳಗೆ ಜಾರಿ, ಕಾಲು ಕತ್ತರಿಸಿದಂತಾಗುತ್ತಿತ್ತು. ಆಪಾ ಮೇಲಿನ ಅಕ್ಷರವನ್ನು ತುಸು ಎತ್ತಿ, ಒತ್ತನ್ನು ಅದರ ಮಡಿಲಿಗೆ ಸೇರಿಸಿದಳು. "ಕಂಕುಲಾಗ ಇಡು ಛೋಟಿ, ಕೂಸಿನ ಹಂಗ." ಉರ್ದುವಿನಲ್ಲಿ ಅಕ್ಷರಗಳು ಹೀಗೇ ಒಂದರೊಳಗೊಂದು ಕೂರುತ್ತವಂತೆ.

ವರ್ಣಮಾಲೆಯ ಸಾಲು ಹಿಡಿದು ನಡೆದೆವು. ಹ ಮುಗಿದ ದಿನ ಉಳಿದದ್ದು ಳ ಒಂದೇ. ಅವತ್ತು ಮೊಮ್ಮಗಳೂ ಬಂದಿದ್ದಳು, ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದಳು. ಆಪಾಳ ಸೊಸೆ ಚಹಾ ತಂದು ಅಲ್ಲೇ ನಿಂತಿದ್ದಳು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಆಪಾ, ಬರಿಯೋಕಿಂತ ಮೊದಲ ಒಂದ್ಸಲಾ ‘ಹೇಳ್ತೇನಿ’ ಅನ್ನು ನೋಡೋಣ."

"ಹೇಲ್ತೇನಿ" ಅಂದಳು ಪಾಪ.

ನಾನು ನಕ್ಕೆ. ಮೊಮ್ಮಗಳೂ ನಕ್ಕಳು. ಆಪಾ ಖಲಮನ್ನು ಬಟ್ಟೆಯಿಂದ ನಿಧಾನವಾಗಿ ಒರೆಸಿದಳು. ಸಿಟ್ಟು ಇರಲಿಲ್ಲ ದನಿಯಲ್ಲಿ.

"ಅವತ್ತ ಸಾಲ್ಯಾಗ ಮೊದಲ ನಕ್ಕಾಕಿ ನೀನೇ. ನನಗ ಗೊತ್ತಿತ್ತು."

ಅವಳು ಖಾಲಿ ಹಾಳೆಯನ್ನು ನನ್ನ ಕಡೆ ತಳ್ಳಿದಳು. "ಹ ತನಕಾ ನಂದು. ಇದು ನಿಂದು. ನೀನೇ ಬರಿ."

ಆಗ ಅವಳ ಕೈ ಹಿಡಿಯಬೇಕಿತ್ತು. ನಾನೋ, "ಮುದುಕಿಗಿ ಸಿಟ್ಟು ಬಂದದ, ನಡಿಯವ್ವಾ" ಎಂದು ಹಾಳೆಯನ್ನು ಚೀಲಕ್ಕೆ ತುರುಕಿ, ಮೊಮ್ಮಗಳನ್ನು ಎಬ್ಬಿಸಿಕೊಂಡು ನಗುನಗುತ್ತಲೇ ಬಂದುಬಿಟ್ಟೆ. ಮುಂದಿನ ವಾರ ಹೋಗಲಿಲ್ಲ. ಅವಳೇ ಫೋನ್ ಮಾಡಲಿ ಎಂದು ಹಟ. ಫೋನು ದಿನವಿಡೀ ಮಡಿಲಲ್ಲೇ ಇರುತ್ತಿತ್ತು. ಅದರ ಮುಂದಿನ ವಾರವೂ ಹೋಗಲಿಲ್ಲ. ಆಮೇಲೆ ಫೋನ್ ಬಂತು, ಮಾಡಿದವಳು ಸೊಸೆ. ಮುಂಜಾನೆಯ ನಮಾಜು ಮುಗಿಸಿ ಗೋಡೆಗೆ ಒರಗಿದ ಆಪಾ ಮತ್ತೆ ಏಳಲಿಲ್ಲವಂತೆ.

ಮುಖ ನೋಡಿ ಬಂದೆ. ಅದನ್ನು ಬರೆಯಲಾರೆ.

ಬೀದರಿನಲ್ಲಿ ಆ ಖಾಲಿ ಹಾಳೆಯ ಮುಂದೆ ಕೂತೆ. ಎಷ್ಟು ಸಲ ತುಂಬಿದೆನೋ, ಎಷ್ಟು ಸಲ ಅಳಿಸಿದೆನೋ, ಹಾಳೆ ತೂತು ಬಿತ್ತು. ನನ್ನ ಳ ಅವಳ ಅಕ್ಷರಗಳ ಸಾಲಿನಲ್ಲಿ ಕರೆಯದೆ ಬಂದವರಂತೆ ನಿಲ್ಲುತ್ತಿತ್ತು. ಮೊಮ್ಮಗಳು ಆಪಾಳ ಬೇರೆ ಅಕ್ಷರಗಳ ತುಂಡುಗಳನ್ನು ಜೋಡಿಸಿ ನೋಡಿದಳು. ಅದು ಸತ್ತವರ ಅಂಗಿ ತೊಡಿಸಿದ ಬೆದರುಗೊಂಬೆಯಾಯಿತು.

"ಳ ಬ್ಯಾಡ. ಎಲ್ಲಾ ಕಡಿ ಆಕೀದೇ ಲ ಇಡು" ಅಂದೆ.

"ಆಯಿ! ಕಾವಲುಗಾರ ಬಂದವರಿಗೆಲ್ಲಾ ‘ನೀ ಯಾರು, ಹೇಲು’ ಅಂತಾನ. ಮಂದಿ ನಗ್ತಾರ."

"ನಗಲಿ. ನಗೋದೇ ಗೊತ್ತಿದ್ದ ಮಂದಿ ಹೊರಗೇ ಇರ್ತಾರ."

ಹಾಗೇ ಇಟ್ಟಳು. ಈಗ ಆ ಕೋಟೆಯಲ್ಲಿ ಮಲೆ ಸುರಿಯುತ್ತದೆ, ಕೋಲಿ ಕೂಗುತ್ತದೆ, ಬಾವಿಯ ಹತ್ತಿರ ಒಬ್ಬ ಗೆಲತಿ ಕಾಯುತ್ತಾಳೆ. ಬೆರಳೊತ್ತಿ ಬರೆಯುವುದನ್ನು ನಾನು ಈಚೆಗೆ ಕಲಿತೆ. ಇಲ್ಲಿ ಗೆಲತಿ ಎಂದು ಒತ್ತಿದರೆ ನನ್ನ ಫೋನು ತಾನೇ ತಿದ್ದಿ ಗೆಳತಿ ಮಾಡುತ್ತದೆ. ನಾನು ಅಳಿಸಿ ಮತ್ತೆ ಗೆಲತಿ ಮಾಡುತ್ತೇನೆ.

ನಲವತ್ತು ದಿನ ಕಳೆದ ಮೇಲೆ ಆಟವನ್ನು ಫೋನಿಗೆ ಹಾಕಿಸಿಕೊಂಡು ಭಾಲ್ಕಿಗೆ ಹೋದೆ. ಸೊಸೆಯ ನಾಲಿಗೆಯೂ ಅತ್ತೆಯದೇ, ಳ ಹೊರಳುವುದಿಲ್ಲ. ಅವಳ ಕೈಗೆ ಫೋನು ಕೊಟ್ಟು, ಮೆಚ್ಚುತ್ತಾಳೆಂದು ಕಾದೆ. "ನೋಡವ್ವಾ, ನಿಮ್ಮ ಅತ್ತಿ ಹ್ಯಾಂಗ ಮಾತಾಡ್ತಿದ್ಳೋ ಹಂಗೇ ಇಟ್ಟೇನಿ. ಒಂದೂ ಳ ಇಲ್ಲ."

ಅವಳು ‘ಆ’ ಅನ್ನು ಗೋಡೆಯ ಪಕ್ಕದಲ್ಲೇ ನಡೆಸಿಕೊಂಡು ಬಾಗಿಲ ತನಕ ಹೋದಳು. ಕಾವಲುಗಾರನ ಮಾತು ಓದಿದಳು. ನಗಲಿಲ್ಲ. ಫೋನನ್ನು ನನ್ನ ಮಡಿಲಲ್ಲಿಟ್ಟಳು.

"ಎರಡು ವಾರ ಬಾಗಿಲಾ ಕಡಿನೇ ನೋಡಿದ್ರು, ಖಾಲಾ. ಈ ಮಷೀನಿಗಿ ಹೇಲಾಕ ಕಲಿಸೀರಿ, ಅಮ್ಮಿಗಿ ‘ತಪ್ಪಾಯ್ತು’ ಅಂತ ಒಂದ್ ಮಾತು ಹೇಲಾಕ ನಿಮಗೇನಾಗಿತ್ರಿ?"