ನಾಯಕನ ಜೊತೆ ಚಹಾ

ನನ್ನ ಕಾದಂಬರಿಯ ನಾಯಕ ಸೂರತ್ತಿನ ವರಾಛಾದಲ್ಲಿ ವಜ್ರಕ್ಕೆ ಪಾಲಿಶ್ ಹಾಕುವವನು. ನಾನು ಮಾತ್ರ ಅಂಥ ಕಾರ್ಖಾನೆಯೊಳಗೆ ಕಾಲಿಟ್ಟವನೇ ಅಲ್ಲ. ಒಮ್ಮೆ ನೋಡಿಯೇ ಬಿಡೋಣವೆಂದು ಅಹಮದಾಬಾದಿನಿಂದ ರೈಲು ಹತ್ತಿದೆ.

ವರಾಛಾದ ಒಂದು ಕಾರ್ಖಾನೆಯ ಗೇಟಿನಲ್ಲಿದ್ದ ಕಾವಲುಗಾರ, "ಯಾರನ್ನು ನೋಡಬೇಕು?" ಎಂದು ಕೇಳಿದ. ಯಾರನ್ನೂ ಅಲ್ಲ ಎಂದರೆ ಒಳಗೆ ಬಿಡುವ ಹಾಗೆ ಕಾಣಲಿಲ್ಲ. ಗಾಬರಿಯಲ್ಲಿ ನನ್ನ ನಾಯಕನ ಹೆಸರನ್ನೇ ಹೇಳಿಬಿಟ್ಟೆ. "ಹಸ್ಮುಖ್‌ಭಾಯಿ."

ಅವನು ಒಳಗೆ ಫೋನ್ ಮಾಡಿದ. ಸ್ವಲ್ಪ ಹೊತ್ತಿಗೆ ದಪ್ಪ ಕನ್ನಡಕದವರೊಬ್ಬರು ಕೈ ಒರೆಸಿಕೊಳ್ಳುತ್ತಾ ಬಂದು, "ನಾನೇ ಹಸ್ಮುಖ್. ಹೇಳಿ," ಎಂದರು.

ಇನ್ನು ನಿಜ ಹೇಳದೆ ದಾರಿಯಿರಲಿಲ್ಲ. ಅವರು ಬೈಯಲಿಲ್ಲ. ಎದುರಿನ ಅಂಗಡಿಗೆ ಕರೆದುಕೊಂಡು ಹೋಗಿ ಚಹಾ ಕೊಡಿಸಿದರು. ಅರ್ಧ ಕುಡಿದ ಮೇಲೆ ಹಿಂದಿಯಲ್ಲಿ ಮೆಲ್ಲಗೆ ಕೇಳಿದರು.

"ಕೊನೆಗೆ ನನಗೇನಾಗುತ್ತದೆ?"

ಕೊನೆಯ ಅಧ್ಯಾಯದಲ್ಲಿ ಅವನು ಕೆಲಸ ಮಾಡುತ್ತಿರುವಾಗಲೇ ಎದೆನೋವು ಬಂದು ಸಾಯುತ್ತಾನೆ. ನನಗೆ ಬಹಳ ಇಷ್ಟವಾದ ಅಧ್ಯಾಯ ಅದು.

"ಸ್ವಲ್ಪ ಹುಷಾರು ತಪ್ಪುತ್ತದೆ," ಎಂದೆ.

"ವಾಸಿಯಾಗುತ್ತದಲ್ಲ?"

"ಅದನ್ನಿನ್ನೂ ಬರೆದಿಲ್ಲ."

ಅವರು ಲೋಟ ಕೆಳಗಿಟ್ಟರು. "ಚಳಿಗಾಲದಲ್ಲಿ ಮಗಳ ಮದುವೆ ಇದೆ, ಭಾಯಿ. ಸ್ವಲ್ಪ ನೋಡಿಕೊಂಡು ಬರೆಯಿರಿ."

ಆಗಲಿ ಎಂದೆ. ಅವರು ನನ್ನ ಕೈಕುಲುಕಿ ಕೆಲಸಕ್ಕೆ ಹೋದರು. ಕಾರ್ಖಾನೆ ನೋಡುವುದು ಇಬ್ಬರಿಗೂ ಮರೆತೇಹೋಯಿತು.

ಮನೆಗೆ ಬಂದು ಆ ಅಧ್ಯಾಯವನ್ನು ಪೂರ್ತಿ ತೆಗೆದುಹಾಕಿದೆ. ಪುಸ್ತಕ ಬಂದ ಮೇಲೆ ವಿಮರ್ಶಕರೊಬ್ಬರು, ನಾಯಕ ಸಾಯಬೇಕಿದ್ದ ಕಡೆ ಯಾರದೋ ಒತ್ತಾಯಕ್ಕೆ ಬದುಕಿಕೊಂಡಂತಿದೆ ಎಂದು ಬರೆದರು. ನನ್ನನ್ನು ಅಷ್ಟು ಸರಿಯಾಗಿ ಓದಿದವರು ಇನ್ನೊಬ್ಬರಿಲ್ಲ.